ಬೀಡಿ, ಸಿಗರೇಟು ಬಿಡುವವರ ಪಕ್ಕದಲ್ಲಿ ಇರುವವರಿಗೆ

ಇದು ಸೇದುವವರಿಗೆ ಬರೆದದ್ದಲ್ಲ. ಅವರ ಮನೆಯವರಿಗೆ, ಅಣ್ಣತಮ್ಮಂದಿರಿಗೆ, ಎಪಿಎಂಸಿ ಅಂಗಡಿಯಲ್ಲಿ ಪಕ್ಕದಲ್ಲಿ ಕೂರುವ ಗೆಳೆಯನಿಗೆ, ದಿನಾ ಬೈಟು ಟೀ ಹಂಚಿಕೊಳ್ಳುವ ಸಹೋದ್ಯೋಗಿಗೆ. "ಬಿಡ್ತೀನಿ" ಅಂದವರಿಗೆ "ಬಿಡಪ್ಪಾ, ಒಳ್ಳೇದು" ಅನ್ನುವವರು ಊರು ತುಂಬ ಸಿಗುತ್ತಾರೆ. ಮೂರನೇ ದಿನ ಸಂಜೆ ದಾವಣಗೆರೆಯ ಗಡಿಯಾರ ಕಂಬದ ಹತ್ತಿರ ಟೀ ಲೋಟ ಒಂದು ಕೈಗೆ ಬಂದಾಗ ಇನ್ನೊಂದು ಕೈ ತಾನಾಗಿ ಜೇಬು ತಡಕುತ್ತದಲ್ಲ, ಆ ಐದು ನಿಮಿಷ ಏನು ಮಾಡಬೇಕೆಂದು ತಿಳಿದವರು ಕಡಿಮೆ.

ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿ. ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದವರೂ 41 ದಿನ, ಕೆಲವರು 48 ದಿನ, ಮುಟ್ಟದೆ ಇರುತ್ತಾರೆ. ಇದನ್ನು ಬರೀ ಭಕ್ತಿಯ ಲೆಕ್ಕಕ್ಕೆ ಹಾಕಿದರೆ ಅರ್ಧ ಮಾತು ಮಾತ್ರ ಆಡಿದಂತೆ. ಮಾಲೆ ಕೊರಳಿಗೆ ಬಿದ್ದ ಗಳಿಗೆಯಿಂದ ಹೆಂಡತಿ, ಧಣಿ, ಹಮಾಲರು ಎಲ್ಲರೂ "ಸ್ವಾಮಿ" ಅನ್ನತೊಡಗುತ್ತಾರೆ. ಗೂಡಂಗಡಿಯವನು ಸಿಗರೇಟು ಕೊಡಲು ಹಿಂದೆಮುಂದೆ ನೋಡುತ್ತಾನೆ. ಜೊತೆಗಾರರು ಎದುರಿಗೆ ಹಚ್ಚುವುದಿಲ್ಲ. ಬೆಳಗಿನ ತಣ್ಣೀರು ಸ್ನಾನ, ಸಂಜೆಯ ಭಜನೆ, ಬೇರೆ ಊಟ, ಬೇರೆ ಬಟ್ಟೆ: ದಿನದ ಕಟ್ಟೇ ಬದಲಾಗಿರುತ್ತದೆ. ಮಾಲೆ ತೆಗೆದ ಮರುದಿನ ಅದೇ ಟೀ ಅಂಗಡಿ, ಅದೇ ಜನ, "ತಗಾ, ವ್ರತ ಮುಗೀತಲ್ಲ" ಅನ್ನುವ ಅದೇ ಮಾತು. ನಿಕೋಟಿನ್ ಸಿಗದ ಸಂಕಟ ಮೈಗೆ ಇರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. 41 ದಿನ ಕಳೆದವರನ್ನು ಮತ್ತೆ ಹಚ್ಚುವಂತೆ ಮಾಡುವುದು ಜಾಗ ಮತ್ತು ಜನ. ಮಾಲೆ ಇಲ್ಲದೆಯೇ ಮಾಲೆಯ ಸುತ್ತಲಿನ ಆ ಏರ್ಪಾಡನ್ನು ಕಟ್ಟಿಕೊಡಬಹುದು. ಪಕ್ಕದಲ್ಲಿರುವವರ ಕೆಲಸ ಅದು.

ಮೊದಲು ಎರಡು ಪ್ರಶ್ನೆ ಕೇಳಿ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ದಿನಕ್ಕೆ ಎಷ್ಟು? ವೈದ್ಯರು ಬಳಸುವ ಅಳತೆಯೂ ಇದೇ. ಎದ್ದ 5 ನಿಮಿಷದೊಳಗೆ ಹಚ್ಚಿದರೆ 3 ಅಂಕ, 6ರಿಂದ 30 ನಿಮಿಷಕ್ಕೆ 2, ಒಂದು ಗಂಟೆಯೊಳಗೆ 1, ಆಮೇಲಾದರೆ ಸೊನ್ನೆ. ದಿನಕ್ಕೆ 10ರವರೆಗೆ ಸೊನ್ನೆ, 20ರವರೆಗೆ 1, 30ರವರೆಗೆ 2, ಅದಕ್ಕೂ ಮೇಲೆ 3. ಎರಡನ್ನೂ ಕೂಡಿಸಿ 4 ದಾಟಿದರೆ ಬರೀ ಗಟ್ಟಿ ಮನಸ್ಸಿನ ಮೇಲೆ ಭಾರ ಹಾಕಬೇಡಿ, ಔಷಧಿಯ ನೆರವು ಬೇಕಾಗುತ್ತದೆ. ಬೀಡಿ ಸೇದುವವರ ವಿಷಯದಲ್ಲಿ ಒಂದು ತಪ್ಪು ಲೆಕ್ಕ ನಡೆಯುತ್ತದೆ. "ಎಲೆಯಲ್ಲಿ ಕಟ್ಟಿದ್ದು, ಸಣ್ಣದು, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಅನ್ನುತ್ತಾರೆ. ಬೀಡಿಯಲ್ಲಿ ತಂಬಾಕು ಕಡಿಮೆ ನಿಜ. ಆದರೆ ಬಿಟ್ಟು ಬಿಟ್ಟು ಎಳೆದರೆ ಅದು ಆರಿಹೋಗುತ್ತದೆ, ಹಾಗಾಗಿ ಬೇಗ ಬೇಗ, ಜೋರಾಗಿ ಎಳೆಯಬೇಕು. ಒಳಗೆ ಹೋಗುವ ನಿಕೋಟಿನ್ನೂ ಕಾರ್ಬನ್ ಮಾನಾಕ್ಸೈಡೂ ಸಿಗರೇಟಿಗಿಂತ ಕಡಿಮೆಯಾಗುವುದಿಲ್ಲ.

ಒಂದು ವಾರ ಏನನ್ನೂ ಬಿಡಿಸಬೇಡಿ, ಬರೆಸಿ. ಜೇಬಿನಲ್ಲಿ ಹಿಡಿಯುವ ಚಿಕ್ಕ ಪುಸ್ತಕ, ಪ್ರತಿ ಸಲ ಹಚ್ಚುವ ಮುಂಚೆ ಮೂರು ಪದ: ಹೊತ್ತು, ಜಾಗ, ಜೊತೆಗೆ ಯಾರು. ವಾರ ಮುಗಿದಾಗ ಇಬ್ಬರೂ ಕೂತು ನೋಡಿದರೆ ದಿನದ 15ರಲ್ಲಿ ಆರೇಳು ಅವೇ ಮೂರು ಹೊತ್ತಿನವಾಗಿರುತ್ತವೆ. ಮುಂಜಾನೆ ಶೌಚಕ್ಕೆ ಮುಂಚೆ, ಊಟ ಆದ ಕೂಡಲೆ, ಸಂಜೆ ಮಿರ್ಚಿ ಮಂಡಕ್ಕಿ ತಿಂದು ಟೀ ಕುಡಿಯುವಾಗ. ಉಳಿದವು ಕಾಯುವ ಹೊತ್ತಿನವು: ಲೋಡು ಇಳಿಸುವವರೆಗೆ, ಬಸ್ಸು ಬರುವವರೆಗೆ, ಟೆಂಡರಿನ ರೇಟು ಬರುವವರೆಗೆ. ಯಾವ ಹೊತ್ತಿಗೆ ನೀವು ಅವರ ಪಕ್ಕದಲ್ಲಿ ಇರಬೇಕು ಎಂಬುದು ಈ ಪುಸ್ತಕದಲ್ಲೇ ಇದೆ.

ಬಿಡುವ ದಿನವನ್ನು ಎರಡು ವಾರದೊಳಗೇ ಗೊತ್ತು ಮಾಡಿ. ಯುಗಾದಿಯಿಂದ, ಹೊಸ ವರ್ಷದಿಂದ ಅಂದರೆ ಅದು ಮುಂದೂಡುವ ಉಪಾಯ. ನೆಂಟರು ತುಂಬಿರುವ ದಿನ ಬೇಡ. ದುಗ್ಗಮ್ಮನ ಜಾತ್ರೆಯ ವಾರ, ನಾಯಕನಹಟ್ಟಿ ತೇರಿನ ದಿನ, ಮನೆಯಲ್ಲಿ ಮದುವೆ ಇರುವ ತಿಂಗಳು ಬೇಡವೇ ಬೇಡ. ಭಾನುವಾರವೂ ಒಳ್ಳೆಯದಲ್ಲ, ಕೈಗೆ ಕೆಲಸ ಇರುವುದಿಲ್ಲ. ವಾರದ ನಡುವಿನ, ಕೆಲಸ ತುಂಬಿರುವ ದಿನ ಸರಿ. ಹಿಂದಿನ ರಾತ್ರಿ ಮನೆ, ಗಾಡಿ, ಅಂಗಡಿಯ ಡ್ರಾಯರು, ಹಳೇ ಪ್ಯಾಂಟಿನ ಜೇಬು ಎಲ್ಲ ಹುಡುಕಿ ಬೀಡಿ ಕಟ್ಟು, ಲೈಟರು, ಬೂದಿ ತಟ್ಟೆ ಎತ್ತಿಬಿಡಿ. "ಇರಲಿ, ಒಂದು ಪ್ಯಾಕು ಬೀರುವಿನಲ್ಲಿಟ್ಟು ಮುಟ್ಟದೆ ತೋರಿಸ್ತೀನಿ" ಎಂಬ ಪೌರುಷಕ್ಕೆ ಒಪ್ಪಬೇಡಿ.

ಇನ್ನೊಂದು ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಗೂಡಂಗಡಿಯ ಉದ್ರಿ ಲೆಕ್ಕ ಚುಕ್ತಾ ಮಾಡಿಸಿ. ಉದ್ರಿ ಇರುವವರೆಗೆ ದಿನಾ ಅಲ್ಲಿಗೆ ಹೋಗಲು ಕಾರಣ ಇರುತ್ತದೆ, ಜೇಬಿನಲ್ಲಿ ದುಡ್ಡಿಲ್ಲದಿದ್ದರೂ ಸಿಗರೇಟು ಸಿಗುತ್ತದೆ. ನೀವೂ ಜೊತೆಗೆ ಹೋಗಿ, "ಅಣ್ಣಾ, ಇವ್ರು ಬಿಡ್ತಾ ಅದಾರೆ, ಕೇಳಿದ್ರೂ ಕೊಡಬ್ಯಾಡ್ರಿ" ಎಂದು ಎದುರಿಗೇ ಹೇಳಿ. ಅಂಗಡಿಯವರು ಒಂದು ಗಿರಾಕಿ ಹೋಯಿತೆಂದು ಬೇಸರ ಮಾಡಿಕೊಳ್ಳುವುದಕ್ಕಿಂತ, ಮರುದಿನದಿಂದ "ಎಷ್ಟು ದಿನಾತು?" ಎಂದು ಕೇಳುವವರೇ ಜಾಸ್ತಿ. ಮಾಲೆಯ ಕೆಲಸ ಅಲ್ಲಿಂದ ಶುರು.

ಈಗ ಮೈಯೊಳಗಿನ ಸಂಗತಿ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬೇಗ ಏರಿ ಬೇಗ ಇಳಿಯುವ ಈ ಗುಣದಿಂದಲೇ ಮತ್ತೆ ಮತ್ತೆ ಬೇಕೆನಿಸುವುದು. ಬಿಟ್ಟ ಕೆಲವೇ ಗಂಟೆಯಲ್ಲಿ ಕಸಿವಿಸಿ ಶುರುವಾಗಿ ಎರಡನೇ, ಮೂರನೇ ದಿನ ತುದಿ ಮುಟ್ಟುತ್ತದೆ. ಸಿಟ್ಟು, ಚಡಪಡಿಕೆ, ನಿದ್ದೆಗೇಡು, ಹಸಿವು, ಕೆಲಸದಲ್ಲಿ ಗಮನ ನಿಲ್ಲದಿರುವುದು, ಕೆಲವರಿಗೆ ಬಾಯಿ ಹುಣ್ಣು, ಮಲಬದ್ಧತೆ. ಮೂರನೇ ದಿನ ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ತಳ್ಳಿದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ. ಆ ದಿನ ಸಾಲದ ಮಾತು, ಮಗನ ಫೀಜಿನ ಮಾತು, ಅತ್ತೆಮನೆಯ ಮಾತು ಎತ್ತದಿರುವುದೇ ಮನೆಯವರು ಮಾಡಬಹುದಾದ ದೊಡ್ಡ ಸಹಾಯ. ಮಲಬದ್ಧತೆಗೆ ಮುಂಜಾನೆ ಬಿಸಿನೀರು, ರಾತ್ರಿ ಪಪ್ಪಾಯಿ ಅಥವಾ ಬಾಳೆಹಣ್ಣು, ಊಟಕ್ಕೆ ಸೊಪ್ಪು ಹೆಚ್ಚು. "ಸೇದದಿದ್ರೆ ಕಕ್ಕಸ್ಸಿಗೆ ಆಗಲ್ಲ" ಎಂಬ ಕಾರಣಕ್ಕೇ ಮತ್ತೆ ಹಚ್ಚಿದವರು ಬಹಳ, ನಾಚಿಕೆಯಿಂದ ಹೇಳುವುದಿಲ್ಲ ಅಷ್ಟೆ.

ಟೀ, ಕಾಫಿಯ ಲೆಕ್ಕ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಗೆಯಲ್ಲಿನ ಕೆಲವು ವಸ್ತುಗಳು ಯಕೃತ್ತನ್ನು ಚುರುಕು ಮಾಡಿ ಕೆಫೀನನ್ನು ಬೇಗ ಕರಗಿಸುತ್ತವೆ. ಸೇದುವುದು ನಿಂತ ಮೇಲೆ ಕುಡಿದಷ್ಟೇ ಟೀ ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ, ಕೆಫೀನ್ ಮಟ್ಟ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಎದೆ ಬಡಿತ, ಕೈ ನಡುಕ, ನಿದ್ದೆ ಬಾರದಿರುವುದು, ಇವನ್ನೆಲ್ಲ ಸಿಗರೇಟು ಬಿಟ್ಟದ್ದರ ತಲೆಗೆ ಕಟ್ಟುತ್ತಾರೆ. ದಿನಕ್ಕೆ ಆರು ಟೀ ಕುಡಿಯುತ್ತಿದ್ದವರು ಮೂರಕ್ಕೆ ಇಳಿಸಬೇಕು, ಸಂಜೆ ಆರರ ಮೇಲೆ ಬೇಡ. ಇದೇ ಕಾರಣಕ್ಕೆ ಉಬ್ಬಸಕ್ಕೆ ಥಿಯೊಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೊಜಪಿನ್, ಒಲಾಂಜಪಿನ್ ಮಾತ್ರೆ ತೆಗೆದುಕೊಳ್ಳುವವರು ಬಿಡುವ ಮುಂಚೆ ತಮ್ಮ ವೈದ್ಯರಿಗೆ ಹೇಳಲೇಬೇಕು, ಪ್ರಮಾಣ ಇಳಿಸಬೇಕಾದೀತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಬೇಕು.

ಇನ್ನು ಔಷಧಿಯ ನೆರವು. ಹೊಗೆ ಇಲ್ಲದೆ ನಿಕೋಟಿನ್ ಕೊಟ್ಟು ಹಪಹಪಿ ಇಳಿಸುವ ನಿಕೋಟಿನ್ ಗಮ್ 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರಿಗೆ 4, ಉಳಿದವರಿಗೆ 2. "ಗಮ್ ತಿಂದ್ನಪ್ಪಾ, ಏನೂ ಆಗ್ಲಿಲ್ಲ, ಬಿಕ್ಕಳಿಕೆ ಬಂತು" ಎಂಬ ದೂರು ಹೆಚ್ಚಾಗಿ ಅಗಿಯುವ ತಪ್ಪಿನಿಂದ. ಚ್ಯೂಯಿಂಗ್ ಗಮ್ ಹಾಗೆ ಕಚಪಚ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ಯಕೃತ್ತಿಗೆ ಹೋಗಿ ಬಹುಪಾಲು ಹಾಳಾಗುತ್ತದೆ, ಉಳಿಯುವುದು ಎದೆಯುರಿ, ಬಿಕ್ಕಳಿಕೆ, ವಾಕರಿಕೆ. ಅದು ಹೀರಿಕೊಳ್ಳಬೇಕಾದದ್ದು ಬಾಯಿಯ ಒಳಚರ್ಮದಿಂದ. ನಿಧಾನವಾಗಿ ಹತ್ತು ಹದಿನೈದು ಸಲ ಅಗಿದು, ನಾಲಿಗೆಗೆ ಮೆಣಸಿನಂಥ ಚುರುಗುಟ್ಟುವಿಕೆ ಬಂದ ಕೂಡಲೆ ನಿಲ್ಲಿಸಿ, ದವಡೆ ಕೆನ್ನೆಯ ನಡುವೆ ಒತ್ತರಿಸಿಡಬೇಕು. ಹೊಗೆಸೊಪ್ಪು ಇಟ್ಟುಕೊಂಡು ಗೊತ್ತಿರುವ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಒಂದು ನಿಮಿಷದಲ್ಲಿ ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ಗಮ್ ಹಾಕುವ 15 ನಿಮಿಷ ಮುಂಚಿನಿಂದ ಬಾಯಲ್ಲಿರುವವರೆಗೆ ಕಾಫಿ, ನಿಂಬೆ ಸೋಡಾ, ಮಜ್ಜಿಗೆ, ಹಣ್ಣಿನ ರಸ ಬೇಡ. ಹುಳಿ ಇದ್ದ ಬಾಯಲ್ಲಿ ನಿಕೋಟಿನ್ ಹೀರುವುದಿಲ್ಲ.

ಎರಡನೇ ತಪ್ಪು ಜಿಪುಣತನ. ದಿನಕ್ಕೆ ಎರಡು ಗಮ್ ತಿಂದು ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಮೊದಲ ಆರು ವಾರ ಎಚ್ಚರವಿದ್ದಷ್ಟು ಹೊತ್ತೂ ಒಂದೆರಡು ಗಂಟೆಗೆ ಒಂದರಂತೆ, ಅಂದರೆ ದಿನಕ್ಕೆ ಎಂಟು ಹತ್ತಾದರೂ ಬೇಕು. 24 ಮೀರಬಾರದು. ಏಳರಿಂದ ಒಂಬತ್ತನೇ ವಾರ ಎರಡು ನಾಲ್ಕು ಗಂಟೆಗೊಂದು, ಹತ್ತರಿಂದ ಹನ್ನೆರಡನೇ ವಾರ ನಾಲ್ಕು ಎಂಟು ಗಂಟೆಗೊಂದು. ಹಪಹಪಿ ಹತ್ತಿದ ಮೇಲೆ ಹುಡುಕುವುದಲ್ಲ, ಗಂಟೆ ನೋಡಿ ಹಾಕಿಕೊಳ್ಳುವುದು. ಹಲ್ಲಿನ ಸೆಟ್ ಇರುವವರಿಗೆ ಗಮ್ ಅಂಟುತ್ತದೆ, ಅವರಿಗೆ ಚೀಪುವ ಲೋಜೆಂಜು ಅಥವಾ ಮೈಗೆ ಅಂಟಿಸುವ ಪ್ಯಾಚು ಸರಿ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುತ್ತಿದ್ದರೆ 21 ಮಿಲಿಗ್ರಾಂ ಪ್ಯಾಚು ಆರು ವಾರ, ಆಮೇಲೆ 14ರದ್ದು ಎರಡು ವಾರ, 7ರದ್ದು ಎರಡು ವಾರ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಪ್ಯಾಚು ಬೆವರಿನಲ್ಲಿ ಕಿತ್ತುಬರುತ್ತದೆ. ಸ್ನಾನ ಆಗಿ ಮೈ ಪೂರ್ತಿ ಆರಿದ ಮೇಲೆ, ಎಣ್ಣೆ ಪೌಡರು ಹಚ್ಚದೆ, ಕೂದಲಿಲ್ಲದ ತೋಳಿಗೋ ಎದೆಗೋ ಅಂಗೈಯಿಂದ ಒತ್ತಿ ಹಿಡಿಯಬೇಕು. ದಿನಾ ಜಾಗ ಬದಲಿಸಬೇಕು. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆಯಬಹುದು. ಪ್ಯಾಚಿನ ಜೊತೆ ನಡುನಡುವೆ ಗಮ್ ಬಳಸಿದರೆ ಒಂದೊಂದನ್ನೇ ಬಳಸುವುದಕ್ಕಿಂತ ಹೆಚ್ಚು ಫಲ. ಗರ್ಭಿಣಿಯರು ಮತ್ತು ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಬುಪ್ರೊಪಿಯಾನ್, ವರೆನಿಕ್ಲೈನ್ ಎಂಬ ಮಾತ್ರೆಗಳೂ ಇವೆ. ಬಿಡುವ ದಿನಕ್ಕೆ ಒಂದೆರಡು ವಾರ ಮುಂಚೆಯೇ ಶುರು ಮಾಡುವಂಥವು, ವೈದ್ಯರ ಕೈಯಿಂದಲೇ ಆಗಬೇಕು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಬೇಡ. ವರೆನಿಕ್ಲೈನ್ ಖಾಲಿ ಹೊಟ್ಟೆಗೆ ವಾಕರಿಕೆ ತರುತ್ತದೆ, ಊಟದ ಮೇಲೆ ತುಂಬು ಲೋಟ ನೀರಿನ ಜೊತೆ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆಗೋ ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಗೋ ಹೋದಾಗ ಚೀಟಿ ಮಾಡಿಸುವಲ್ಲೇ ತಂಬಾಕು ವ್ಯಸನ ಮುಕ್ತ ಕೇಂದ್ರದ ಬಗ್ಗೆ ಕೇಳಿ. ಜೊತೆಗೆ ನೀವೂ ಹೋಗಿ, ಒಬ್ಬರನ್ನೇ ಕಳಿಸಿದರೆ ಸರತಿ ನೋಡಿ ಹೊರಗೆ ಹೋಗಿ ಒಂದು ಹಚ್ಚಿಕೊಂಡು ವಾಪಸು ಬರುತ್ತಾರೆ. ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಆ ಐದು ನಿಮಿಷ. ಹಪಹಪಿ ಅಲೆಯಂತೆ ಬಂದು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷದಲ್ಲಿ ಇಳಿಯುತ್ತದೆ, ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಆಗ ನಿಮಗೆ ಫೋನ್ ಮಾಡಲು ಮೊದಲೇ ಹೇಳಿಟ್ಟಿರಿ. ಫೋನ್ ಬಂದರೆ ಉಪದೇಶ ಬೇಡ, ಕ್ಯಾನ್ಸರಿನ ಮಾತು ಬೇಡ. "ಎಲ್ಲಿದೀಯಾ?" ಎಂದು ಕೇಳಿ. ಟೀ ಅಂಗಡಿ ಮುಂದೆ ಅಂದರೆ "ನಡಿ, ಮಾತಾಡ್ತಾ ಅಲ್ಲಿಂದ ಈಚೆ ಬಾ" ಅನ್ನಿ. ಜಾಗ ಬಿಡಿಸುವುದು ಮೊದಲು. ನಡೆಯುತ್ತ ಮಾತಾಡಲಿ, ಅಡಿಕೆ ರೇಟೋ ಮಳೆಯೋ ಕ್ರಿಕೆಟ್ಟೋ, ಐದು ನಿಮಿಷ ಎಳೆಯಿರಿ. ಕೊನೆಗೆ ಒಂದು ಲೋಟ ನೀರು ಗುಟುಕು ಗುಟುಕಾಗಿ ಕುಡಿಸಿ ಫೋನಿಡಿ. ಹತ್ತಿರದಲ್ಲೇ ಇದ್ದರೆ ಇನ್ನೂ ಸಲೀಸು: "ಬಾರೋ, ಒಂದು ರೌಂಡು ಹೋಗಿ ಬರಾಣ." ಮೊದಲ ಮೂರು ದಿನ ಪುಸ್ತಕದಲ್ಲಿ ಕಂಡ ಕಷ್ಟದ ಹೊತ್ತುಗಳಿಗೆ ಹತ್ತು ನಿಮಿಷ ಮುಂಚೆ ನೀವೇ ಫೋನ್ ಮಾಡಿ, ದಿನಕ್ಕೆ ನಾಲ್ಕು ಸಲ ಆದರೂ ಸರಿ. ಎರಡನೇ ವಾರದವರೆಗೆ ಎರಡು ಸಲ, ತಿಂಗಳವರೆಗೆ ಒಂದು ಸಲ. ಮುಂಜಾನೆಯ ಮೊದಲ ಸಿಗರೇಟಿನ ಜಾಗಕ್ಕೆ ನಡಿಗೆ ಇಡುವುದಾದರೆ ಒಬ್ಬರೇ ಹೋಗುವ ನಡಿಗೆ ನಾಲ್ಕು ದಿನಕ್ಕೆ ನಿಲ್ಲುತ್ತದೆ. ಕುಂದವಾಡ ಕೆರೆ ಏರಿಯ ಮೇಲೋ ದುರ್ಗದ ಕೋಟೆಯ ಕಡೆಗೋ ನೀವು ಹೋಗಿ ನಿಂತು ಕಾಯುತ್ತಿದ್ದರೆ ನಿಲ್ಲುವುದಿಲ್ಲ.

ಬಾಯಾಡಿಸಲು ಏನು? ಇಲ್ಲಿ ಒಣ ಮಂಡಕ್ಕಿಯಂಥ ಒಳ್ಳೆಯ ವಸ್ತು ಬೇರೆ ಇಲ್ಲ. ಹಗುರ, ಅಗ್ಗ, ಕೈಗೂ ಕೆಲಸ, ಬಾಯಿಗೂ ಕೆಲಸ, ಒಂದು ಪೊಟ್ಟಣ ಅರ್ಧ ಗಂಟೆ ಬರುತ್ತದೆ. ಬಿಟ್ಟ ಮೊದಲ ವರ್ಷ ನಾಲ್ಕೈದು ಕಿಲೋ ತೂಕ ಏರುವುದುಂಟು, ಆದ್ದರಿಂದ ಮಿರ್ಚಿಯನ್ನು ಅದರ ಜೊತೆಗೆ ಸೇರಿಸದಿದ್ದರೆ ಒಳ್ಳೆಯದು. ಸೋಂಪು, ಲವಂಗ, ಸೌತೆಕಾಯಿ ಹೋಳು ಕೂಡ ಆದೀತು. ದೊಡ್ಡ ಅಪಾಯ ಇರುವುದು ಅಡಿಕೆಯಲ್ಲಿ. ಚನ್ನಗಿರಿ, ಭೀಮಸಮುದ್ರದ ಸೀಮೆಯಲ್ಲಿ ಅಡಿಕೆ ಮನೆಯ ವಸ್ತು, "ಸಿಗರೇಟು ಬಿಟ್ಟು ಅಡಿಕೆ ಹಾಕ್ಕೊಂಡ್ರೆ ಏನಾತು" ಎಂದು ಹಿರಿಯರೇ ಅನ್ನುತ್ತಾರೆ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ವರ್ಷಗಟ್ಟಲೆ ಜಗಿದರೆ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಗುಟ್ಕಾ ಅಂತೂ ನಿಕೋಟಿನ್ನಿನ ಇನ್ನೊಂದು ಚೀಲ. ಬೆಳೆಯುವವರನ್ನು ಹಳಿಯಲು ಹೇಳಿದ್ದಲ್ಲ ಇದು, ಸಿಗರೇಟಿನ ಜಾಗಕ್ಕೆ ಅದನ್ನು ಕೂರಿಸಬೇಡಿ ಅಂತ.

ಕೆಮ್ಮಿನ ಬಗ್ಗೆ ಎಚ್ಚರ. ಸೇದುವುದು ನಿಂತ ಮೇಲೆ ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರು ಮಾಡಿ ಕಫವನ್ನು ಮೇಲೆ ತಳ್ಳುತ್ತವೆ. ಕೆಲವರಿಗೆ ಕೆಮ್ಮು ಮೊದಲು ಹೆಚ್ಚುತ್ತದೆ, "ಬಿಟ್ಟಿದ್ದಕ್ಕೇ ಕೆಮ್ಮು ಬಂತು" ಅನ್ನುತ್ತಾರೆ. ಇದು ತಾನಾಗಿ ಇಳಿಯುತ್ತದೆ. ಆದರೆ ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬಿಟ್ಟದ್ದರ ಲಕ್ಷಣ ಎಂದು ಸುಮ್ಮನಿರದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಅಕ್ಕಿ ಗಿರಣಿಯ ದೂಳಿನಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ದುಡಿಯುವವರು ಇದನ್ನು ಇನ್ನೂ ಮೊದಲೇ ಮಾಡಿಸಲಿ. ಮಾಯದ ಬಾಯಿ ಹುಣ್ಣು, ಬಿಳಿ ಮಚ್ಚೆ ಕಂಡರೆ ಬಹಳ ಕಾಯುವುದು ಬೇಡ. ಮೂರು ವಾರಕ್ಕೇ ದಂತ ವೈದ್ಯರಿಗೆ ತೋರಿಸುವುದು ಸರಿಯಾದ ಕ್ರಮ, ದಾವಣಗೆರೆಯಲ್ಲಿ ದಂತ ಕಾಲೇಜುಗಳೇ ಇವೆ.

ಮಾತಿನ ವಿಷಯ. ಮಕ್ಕಳ ತಲೆ ಮೇಲೆ ಕೈ ಇಡಿಸಿ, ದುಗ್ಗಮ್ಮನ ಮೇಲೆ ಆಣೆ ಹಾಕಿಸಿ ಬಿಡಿಸಬೇಡಿ. ಆಣೆ ಹಾಕಿದವರು ಒಮ್ಮೆ ಜಾರಿದರೆ ಅದನ್ನು ಹೇಳುವುದಿಲ್ಲ, ಬಚ್ಚಿಡುತ್ತಾರೆ. ಬಚ್ಚಿಟ್ಟದ್ದು ಎರಡಾಗುತ್ತದೆ, ನಾಲ್ಕಾಗುತ್ತದೆ. ಮನೆಗೆ ಬಂದ ಕೂಡಲೆ ಅಂಗಿ ಮೂಸುವುದೂ ಇದೇ ಜಾತಿಯದು. "ಇವತ್ತು ಸೇದಿಲ್ಲ ತಾನೆ?" ಎಂಬ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭ. "ಇವತ್ತು ಯಾವ ಹೊತ್ತು ಕಷ್ಟ ಆಯ್ತು ರೀ?" ಎಂದು ಕೇಳಿದರೆ ಉತ್ತರ ಬರುತ್ತದೆ. ನೀವೇ ಸೇದುವವರಾಗಿದ್ದರೆ ಅವರ ಎದುರಿಗೆ ಹಚ್ಚಬೇಡಿ. "ಒಂದು ದಮ್ ಎಳಿ, ಏನೂ ಆಗಲ್ಲ" ಎಂದು ನಗುವ ಗೆಳೆಯನ ಗುಂಪಿಗೆ ಮೂರು ವಾರ ಹೋಗದಿರುವಂತೆ ಬೇರೆ ನೆಪ ಹುಡುಕಿಕೊಡಿ.

ದುಡ್ಡನ್ನು ಕಣ್ಣಿಗೆ ಕಾಣುವಂತೆ ಇಡಿ. ದಿನಕ್ಕೆ 150 ರೂಪಾಯಿ ಹೋಗುತ್ತಿದ್ದರೆ ತಿಂಗಳಿಗೆ 4,500. ಫೋನಿನ ಖಾತೆಯಲ್ಲಿ ಉಳಿಯಿತು ಅಂದರೆ ಅದು ಉಳಿದಂತೆ ಅನಿಸುವುದಿಲ್ಲ, ದಿನಾ ರಾತ್ರಿ ನೋಟನ್ನೇ ಡಬ್ಬಿಗೆ ಹಾಕಿಸಿ. ಹತ್ತನೇ ದಿನ ಅದರಿಂದಲೇ ಮನೆಯವರೆಲ್ಲ ಹೋಗಿ ಬೆಣ್ಣೆ ದೋಸೆ ತಿಂದು ಬನ್ನಿ. ದೋಸೆ ಆದ ಮೇಲೆ ಕಾಫಿಗೆ ನಿಲ್ಲದೆ ಎದ್ದುಬಿಡಿ, ಆ ಹೊತ್ತೇ ಕೈ ಜೇಬಿಗೆ ಹೋಗುವ ಹೊತ್ತು.

ಒಂದು ಸೇದಿಬಿಟ್ಟೆ ಎಂದು ಬಂದು ಹೇಳಿದರೆ, ಹೇಳಿದ್ದಕ್ಕೆ ಮೊದಲು ಸರಿ ಎನ್ನಿ. ಎಲ್ಲಿ, ಯಾರ ಜೊತೆ, ಅದಕ್ಕೆ ಮುಂಚೆ ಏನಾಯಿತು, ಗಮ್ ಹಾಕಿ ಎಷ್ಟು ಹೊತ್ತಾಗಿತ್ತು ಎಂದು ಪುಸ್ತಕದಲ್ಲಿ ಬರೆಸಿ. ಪ್ಯಾಕಿನಲ್ಲಿ ಉಳಿದದ್ದನ್ನು ಅಲ್ಲೇ ನೀರಿಗೆ ಹಾಕಿ. 18 ದಿನ ಆಗಿ ಒಂದು ದಿನ ಜಾರಿದರೆ ಲೆಕ್ಕವನ್ನು ಸೊನ್ನೆಗೆ ತರಬೇಡಿ, 19 ದಿನದಲ್ಲಿ 18 ದಿನ ಸೇದಿಲ್ಲ ಎಂದೇ ಬರೆಯಿರಿ. ಹೆಚ್ಚಾಗಿ ಕಾರಣ ಎರಡರಲ್ಲಿ ಒಂದು: ಗುಂಡು ಹಾಕಲು ಕೂತದ್ದು, ಇಲ್ಲವೆ ಗಮ್ಮನ್ನು ಬೇಗ ನಿಲ್ಲಿಸಿದ್ದು. ಮೊದಲನೆಯದಕ್ಕೆ ಒಂದು ತಿಂಗಳು ಕುಡಿತದ ಕೂಟವೂ ಬೇಡ, ಎರಡನೆಯದಕ್ಕೆ ಹಳೇ ಪ್ರಮಾಣಕ್ಕೆ ವಾಪಸು.

ಎರಡನೇ ತಿಂಗಳಿಗೆ ಫೋನು ವಾರಕ್ಕೊಂದು ಸಾಕು. ಆಗ ಬರುವ ಹಪಹಪಿ ದಿನಾ ಬರುವುದಲ್ಲ, ತಿಂಗಳಿಗೊಮ್ಮೆ ಎಲ್ಲಿಂದಲೋ ಎದ್ದು ಬರುವುದು: ಛತ್ರದ ಹಿಂದೆ ಹಳೇ ಗೆಳೆಯರು ಸೇರಿದಾಗ, ಹೊಲದ ಬೋರು ಕೈಕೊಟ್ಟಾಗ, ರಾತ್ರಿ ಬಸ್ಸು ಹಿರಿಯೂರಿನ ಹತ್ತಿರ ಟೀಗೆ ನಿಂತಾಗ. ಮದುವೆಗೆ ಹೊರಟರೆ ಊಟ ಆದ ಕೂಡಲೆ ಎಲೆ ಅಡಿಕೆ ತಟ್ಟೆಯ ಕಡೆ ಹೋಗುವ ಮುಂಚೆ ಅವರ ಪಕ್ಕಕ್ಕೆ ಹೋಗಿ ನಿಂತುಕೊಳ್ಳಿ. ಊರಿಗೆ ಹೊರಟರೆ ಅಂಗಿ ಜೇಬಿನಲ್ಲಿ, ಹಿಂದೆ ಪ್ಯಾಕು ಇರುತ್ತಿದ್ದ ಅದೇ ಜೇಬಿನಲ್ಲಿ, ಎರಡು ಗಮ್ ಇದೆಯೇ ಎಂದು ಬಾಗಿಲಲ್ಲೇ ಕೇಳಿ ಕಳಿಸಿ.